ರೂಟರ್‌ಗೆ ಮೂರು ಕೇಬಲ್: ಕನ್ಸೋಲ್, ಮ್ಯಾನೇಜ್‌ಮೆಂಟ್, ಟೈಮಿಂಗ್

ರ‍್ಯಾಕ್‌ನಲ್ಲಿ ಹೊಸ ರೂಟರ್ ಕೂತಿದೆ, ಪವರ್ ಕೂಡ ಬಂದಿದೆ. ಫೈಬರ್ ಹಾಕುವ ಮೊದಲು ಮೂರು ಬಗೆಯ ಕೇಬಲ್ ಜೋಡಿಸಬೇಕು. ಗ್ರಾಹಕರ ಡೇಟಾ ಇವುಗಳಲ್ಲಿ ಹರಿಯುವುದಿಲ್ಲ. ಆದರೆ ರೂಟರ್ ಜೊತೆ ಮಾತಾಡಲು, ದೂರದಿಂದ ಅದನ್ನು ನೋಡಿಕೊಳ್ಳಲು, ಅದರ ಗಡಿಯಾರ ತಪ್ಪದಂತೆ ಇಡಲು ಇವೇ ಆಧಾರ.

ಕ್ರಮ ಇಷ್ಟೇ: ಮೊದಲು ಕನ್ಸೋಲ್, ಆಮೇಲೆ ಮ್ಯಾನೇಜ್‌ಮೆಂಟ್, ಕೊನೆಗೆ ಟೈಮಿಂಗ್. ಮ್ಯಾನೇಜ್‌ಮೆಂಟ್ ಪೋರ್ಟ್‌ಗೆ ಐಪಿ ಕೊಡಲು ಕನ್ಸೋಲ್ ಬೇಕು. ಟೈಮಿಂಗ್ ಸರಿಯಾಯಿತೇ ಎಂದು ನೋಡಲು ಲಾಗಿನ್ ಬೇಕು. ಭಯಪಡಬೇಡಿ, ಒಂದೊಂದಾಗಿ ಮಾಡೋಣ.

ಬೇಕಾದವು: ಸ್ಥಿರ ವಿದ್ಯುತ್ತಿನಿಂದ ಕಾಪಾಡುವ ಇಎಸ್‌ಡಿ ಸ್ಟ್ರ್ಯಾಪ್, ಕನ್ಸೋಲ್ ಕೇಬಲ್, ಯುಎಸ್‌ಬಿ-ಸೀರಿಯಲ್ ಅಡಾಪ್ಟರ್, ಈಥರ್ನೆಟ್ ಪ್ಯಾಚ್ ಕೇಬಲ್, ಟೈಮಿಂಗ್ ಕೇಬಲ್‌ಗಳು, ಲೇಬಲ್, ಪುಟ್ಟಿ (ಟರ್ಮಿನಲ್ ತಂತ್ರಾಂಶ) ಇರುವ ಲ್ಯಾಪ್‌ಟಾಪ್.

ಹಂತ 1: ಸ್ಟ್ರ್ಯಾಪ್ ಕಟ್ಟಿಕೊಳ್ಳಿ. ಪಟ್ಟಿ ಮಣಿಕಟ್ಟಿನ ಚರ್ಮಕ್ಕೆ ತಾಗಿರಲಿ, ತೋಳಿನ ಬಟ್ಟೆಯ ಮೇಲೆ ಬೇಡ. ಇನ್ನೊಂದು ತುದಿಯನ್ನು ರೂಟರ್‌ನ ಇಎಸ್‌ಡಿ ಪಾಯಿಂಟ್‌ಗೆ ಸಿಕ್ಕಿಸಿ.

ಹಂತ 2: ಪೋರ್ಟ್‌ಗಳ ಹೆಸರು ಓದಿ. ಟಾರ್ಚ್ ಹಾಕಿ ಮುಂಭಾಗ ನೋಡಿ. ಕನ್ಸೋಲ್, ಮ್ಯಾನೇಜ್‌ಮೆಂಟ್, ಬಿಟ್ಸ್ (ಟೈಮಿಂಗ್ ಸಂಕೇತದ ಪೋರ್ಟ್): ಸಾಮಾನ್ಯವಾಗಿ ಮೂರೂ ಒಂದೇ ಥರ ಕಾಣುತ್ತವೆ, ಒಂದೇ ಬಗೆಯ ಪ್ಲಗ್ ಮೂರರಲ್ಲೂ ಕೂರುತ್ತದೆ.
*ಎಚ್ಚರ:* ಹೊಸಬರು ಹೆಚ್ಚು ಎಡವುವುದು ಇಲ್ಲೇ. ಪ್ಲಗ್ ಕೂತಿತು ಎಂದ ಮಾತ್ರಕ್ಕೆ ಜಾಗ ಸರಿ ಎಂದಲ್ಲ. ಪಕ್ಕದ ಅಕ್ಷರ ಓದಿಯೇ ಕೈ ಹಾಕಿ.

ಹಂತ 3: ಕನ್ಸೋಲ್ ಕೇಬಲ್ ಹಾಕಿ. ಆರ್‌ಜೆ-45 ತುದಿ ಕನ್ಸೋಲ್ ಪೋರ್ಟ್‌ಗೆ, ಡಿಬಿ-9 ತುದಿ ಅಡಾಪ್ಟರ್‌ಗೆ, ಅಡಾಪ್ಟರ್ ಲ್ಯಾಪ್‌ಟಾಪ್‌ಗೆ. ಆರ್‌ಜೆ-45 ಕೂತಾಗ ‘ಟಕ್’ ಎಂದು ಸದ್ದಾಗಬೇಕು. ಮೆಲ್ಲಗೆ ಎಳೆದು ನೋಡಿ, ಬಿಟ್ಟುಬರಬಾರದು. ಪ್ಲಗ್ಗಿನ ಪ್ಲಾಸ್ಟಿಕ್ ಕ್ಲಿಪ್ ಮುರಿದಿದ್ದರೆ ಆ ಕೇಬಲ್ ಬಳಸಬೇಡಿ.

ಹಂತ 4: ಕಾಮ್ ಪೋರ್ಟ್ ಸಂಖ್ಯೆ ನೋಡಿ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು ‘ಪೋರ್ಟ್ಸ್’ ಒತ್ತಿ. ಕಾಮ್3, ಕಾಮ್5 ಎಂದೇನೋ ಕಾಣುತ್ತದೆ. ಬರೆದುಕೊಳ್ಳಿ. ಏನೂ ಕಾಣದಿದ್ದರೆ ಅಡಾಪ್ಟರ್‌ನ ಡ್ರೈವರ್ ಹಾಕಬೇಕು.

ಹಂತ 5: ಪುಟ್ಟಿ ಹೊಂದಿಸಿ. ‘ಸೀರಿಯಲ್’ ಆರಿಸಿ, ಕಾಮ್ ಸಂಖ್ಯೆ ಕೊಡಿ. ವೇಗ 9600, ಡೇಟಾ ಬಿಟ್ 8, ಪ್ಯಾರಿಟಿ ಇಲ್ಲ, ಸ್ಟಾಪ್ ಬಿಟ್ 1, ಫ್ಲೋ ಕಂಟ್ರೋಲ್ ಇಲ್ಲ. ಕೆಲವು ಹೊಸ ರೂಟರ್‌ಗಳಿಗೆ ವೇಗ 115200 ಇರುತ್ತದೆ, ಕೈಪಿಡಿ ನೋಡಿ.

ಹಂತ 6: ಎಂಟರ್ ಒತ್ತಿ. ಲಾಗಿನ್ ಕೇಳಿದರೆ ಗೆದ್ದಿರಿ. ಅರ್ಥವಿಲ್ಲದ ಚಿಹ್ನೆಗಳು ಬಂದರೆ ವೇಗ ಹೊಂದುತ್ತಿಲ್ಲ, ಬದಲಿಸಿ. ಪರದೆ ಖಾಲಿಯೇ ಇದ್ದರೆ ಕಾಮ್ ಸಂಖ್ಯೆ ಮತ್ತು ಫ್ಲೋ ಕಂಟ್ರೋಲ್ ಮತ್ತೊಮ್ಮೆ ನೋಡಿ. ಗಾಬರಿ ಬೇಡ, ಇದರಿಂದ ರೂಟರ್‌ಗೆ ಏನೂ ಆಗುವುದಿಲ್ಲ.

ಹಂತ 7: ಮ್ಯಾನೇಜ್‌ಮೆಂಟ್ ಕೇಬಲ್ ಹಾಕಿ. ಪ್ಯಾಚ್ ಕೇಬಲ್‌ನ ಒಂದು ತುದಿ ಮ್ಯಾನೇಜ್‌ಮೆಂಟ್ ಪೋರ್ಟ್‌ಗೆ, ಇನ್ನೊಂದು ಮ್ಯಾನೇಜ್‌ಮೆಂಟ್ ಸ್ವಿಚ್‌ಗೆ. ಪೋರ್ಟ್ ಪಕ್ಕದ ದೀಪ ಹತ್ತಬೇಕು. ಉದ್ದ 100 ಮೀಟರ್ ದಾಟಬಾರದು.
*ಎಚ್ಚರ:* ಈ ಪೋರ್ಟನ್ನು ನೇರವಾಗಿ ಇಂಟರ್‌ನೆಟ್‌ಗೆ ತೆರೆದಿಡಬೇಡಿ. ಗ್ರಾಹಕರ ಜಾಲ ಕುಸಿದಾಗಲೂ ಒಳಗೆ ಹೋಗಲು ಇದು ಬೇರೆಯದೇ ದಾರಿಯಾಗಿರಬೇಕು.

ಹಂತ 8: ಐಪಿ ಕೊಟ್ಟು ಪಿಂಗ್ ಮಾಡಿ. ಕನ್ಸೋಲ್‌ನಿಂದ ವಿಳಾಸ, ಮಾಸ್ಕ್, ಗೇಟ್‌ವೇ ಹಾಕಿ ಸೇವ್ ಮಾಡಿ. ಬೇರೆ ಕಂಪ್ಯೂಟರ್‌ನಿಂದ ಪಿಂಗ್ ಕಳಿಸಿ. ಉತ್ತರ ಬಂದ ಮೇಲಷ್ಟೇ ಮುಂದಿನ ಹಂತ.

ಹಂತ 9: ಟೈಮಿಂಗ್ ಕೇಬಲ್‌ಗಳನ್ನು ಗುರುತಿಸಿ. ರೂಟರ್‌ಗೆ ಸಮಯ ಕೊಡುವ ಜಿಪಿಎಸ್ ರಿಸೀವರ್‌ನಿಂದ ಮೂರು ಸಂಕೇತ ಬರಬಹುದು. 10 ಮೆಗಾಹರ್ಟ್ಸ್ ಗಡಿಯಾರದ ಓಟದ ವೇಗ ಹೇಳುತ್ತದೆ. 1ಪಿಪಿಎಸ್ ಪ್ರತಿ ಸೆಕೆಂಡ್ ಎಲ್ಲಿ ಶುರುವಾಗುತ್ತದೆ ಎಂದು ತೋರಿಸುತ್ತದೆ. ಟಿಒಡಿ ಅದು ಯಾವ ದಿನದ, ಯಾವ ಗಂಟೆಯ ಸೆಕೆಂಡ್ ಎಂದು ತಿಳಿಸುತ್ತದೆ.

ಹಂತ 10: ಒಂದೊಂದಾಗಿ ಜೋಡಿಸಿ. ರಿಸೀವರ್‌ನ ‘ಔಟ್’ ರೂಟರ್‌ನ ‘ಇನ್’ಗೆ ಹೋಗಬೇಕು. ಎಸ್‌ಎಂಬಿ ಕನೆಕ್ಟರನ್ನು ನೇರವಾಗಿ ಒತ್ತಿ, ಎಸ್‌ಎಂಎ ಆದರೆ ಕೈಯಿಂದ ತಿರುಪಿ, ಬಿಎನ್‌ಸಿ ಆದರೆ ಒತ್ತಿ ಕಾಲು ಸುತ್ತು ತಿರುಗಿಸಿ. ಕೆಲವು ರೂಟರ್‌ಗಳಲ್ಲಿ 1ಪಿಪಿಎಸ್ ಮತ್ತು ಟಿಒಡಿ ಒಂದೇ ಆರ್‌ಜೆ-45 ಪೋರ್ಟ್‌ಗೆ ಬರುತ್ತವೆ.
*ಎಚ್ಚರ:* 10 ಮೆಗಾಹರ್ಟ್ಸ್ ಮತ್ತು 1ಪಿಪಿಎಸ್ ಕನೆಕ್ಟರ್‌ಗಳು ಅವಳಿಗಳಂತಿರುತ್ತವೆ, ಅದಲುಬದಲು ಮಾಡಬೇಡಿ. ಕೇಬಲನ್ನು ಚೂಪಾಗಿ ಮಡಚಬೇಡಿ.

ಹಂತ 11: ಬಿಟ್ಸ್ ಇದ್ದರೆ ಅದನ್ನೂ ಹಾಕಿ. ಭಾರತದಲ್ಲಿ ಇದು ಇ1, ಅಂದರೆ 2.048 ಎಂಬಿಪಿಎಸ್. ಅಮೆರಿಕದ ಟಿ1 ವೇಗ 1.544 ಎಂಬಿಪಿಎಸ್. ರೂಟರ್‌ನ ಸೆಟ್ಟಿಂಗ್ ಯಾವುದಕ್ಕಿದೆ ಎಂದು ನೋಡಿಕೊಳ್ಳಿ.

ಹಂತ 12: ಕೇಬಲ್ ಉದ್ದ ಲೆಕ್ಕ ಹಾಕಿ. ಕೊಯಾಕ್ಸ್ ಕೇಬಲ್‌ನಲ್ಲಿ ಪ್ರತಿ ಮೀಟರ್‌ಗೆ ಸುಮಾರು 4ರಿಂದ 5 ನ್ಯಾನೋಸೆಕೆಂಡ್ ತಡವಾಗುತ್ತದೆ. 5ರಂತೆ ಹಿಡಿದರೆ 20 ಮೀಟರ್‌ಗೆ 100 ನ್ಯಾನೋಸೆಕೆಂಡ್. ಈ ಸಂಖ್ಯೆಯನ್ನು ಸೆಟ್ಟಿಂಗ್‌ನಲ್ಲಿ ಕೊಡಿ. ಸಣ್ಣದೆಂದು ಬಿಡಬೇಡಿ: ಕಳಿಸುವುದು, ಕೇಳುವುದು ಎರಡನ್ನೂ ಸರದಿಯಲ್ಲಿ ಮಾಡುವ ಟಿಡಿಡಿ ಮಾದರಿಯ 4ಜಿ, 5ಜಿ ಟವರ್‌ಗಳ ಸಮಯ ಸಾಮಾನ್ಯವಾಗಿ 1.5 ಮೈಕ್ರೋಸೆಕೆಂಡ್‌ಗಿಂತ ಹೆಚ್ಚು ಆಚೀಚೆ ಆಗುವಂತಿಲ್ಲ. ತಪ್ಪಿದರೆ ಒಂದು ಟವರ್ ಕೇಳಿಸಿಕೊಳ್ಳುವ ಹೊತ್ತಿಗೆ ಪಕ್ಕದ್ದು ಮಾತಾಡಿಬಿಡುತ್ತದೆ.

ಹಂತ 13: ಲಾಕ್ ಆಗುವವರೆಗೆ ಕಾಯಿರಿ. ಟೈಮಿಂಗ್ ಪೋರ್ಟನ್ನು ಕಾನ್ಫಿಗರ್ ಮಾಡಿ ಸ್ಥಿತಿ ನೋಡಿ. ಮೊದಲು ‘ಫ್ರೀ ರನ್’ ಅಥವಾ ‘ಅಕ್ವೈರಿಂಗ್’ ಎನ್ನಬಹುದು. ಕೇಬಲ್ ಕಿತ್ತು ಮತ್ತೆ ಹಾಕುವ ಆತುರ ಬೇಡ, ಕಿತ್ತಾಗಲೆಲ್ಲ ಲೆಕ್ಕ ಮೊದಲಿಂದ ಶುರುವಾಗುತ್ತದೆ. ‘ಲಾಕ್ಡ್’ ಎಂದು ಬಂದರೆ ಮುಗಿಯಿತು.

ಹಂತ 14: ಲೇಬಲ್ ಅಂಟಿಸಿ, ಲಾಗ್‌ಔಟ್ ಆಗಿ. ಪ್ರತಿ ಕೇಬಲ್‌ನ ಎರಡೂ ತುದಿಗೆ ‘ಎಲ್ಲಿಂದ, ಎಲ್ಲಿಗೆ’ ಎಂದು ಬರೆದು ಅಂಟಿಸಿ. ಕನ್ಸೋಲ್ ಕೀಳುವ ಮೊದಲು ಲಾಗ್‌ಔಟ್ ಆಗಲೇಬೇಕು. ಇಲ್ಲದಿದ್ದರೆ ಮುಂದೆ ಕೇಬಲ್ ಸಿಕ್ಕಿಸಿದವರ ಕೈಗೆ ಪಾಸ್‌ವರ್ಡ್ ಇಲ್ಲದೆಯೇ ರೂಟರ್ ಸಿಗಬಹುದು.

ಮೊದಲ ಸಲ ನಿಧಾನವಾಗುತ್ತದೆ, ಆಗಲಿ. ರಾತ್ರಿ ಲಿಂಕ್ ಬಿದ್ದಾಗ ನಿಮ್ಮ ಸಹೋದ್ಯೋಗಿ ಸೈಟ್‌ಗೆ ಓಡಬೇಕೋ, ಕೂತಲ್ಲಿಂದಲೇ ಸರಿಪಡಿಸಬಹುದೋ ಎಂಬುದು ಬಹಳಷ್ಟು ಸಲ ನೀವು ಇವತ್ತು ಹಾಕಿದ ಈ ಕೇಬಲ್‌ಗಳ ಮೇಲೆಯೇ ನಿಂತಿರುತ್ತದೆ.