ಶೆಡ್ಡಿನಲ್ಲಿರುವ ಜರ್ಮನ್ ಕೂಪೆ: ರಿಪೇರಿಗೂ ಮೊದಲು ದಾಖಲೆ

ಹಾರವಾಡದಂಥ ಕಡಲಂಚಿನ ಊರಿನಲ್ಲಿ ಹಳೆಯ ಕಾರಿನ ದೊಡ್ಡ ವೈರಿ ಉಪ್ಪುಗಾಳಿ. ತುಕ್ಕು ಹಿಡಿದ ಬಾಡಿಯನ್ನು ಸರಿ ಮಾಡಿಸಬಹುದು. ಚಾಸಿ ನಂಬರ್ ಅಳಿಸಿಹೋದರೆ ಮಾತ್ರ ಆ ಕಾರು ಕಾನೂನಿನ ಕಣ್ಣಿಗೆ ಗುರುತಿಲ್ಲದ ಕಬ್ಬಿಣ. ಹಳೆಯ ಜರ್ಮನ್ ಕೂಪೆ ಕೊಳ್ಳುವವರಿಗೂ, ಹಿರಿಯರಿಂದ ಬಂದದ್ದನ್ನು ಶೆಡ್ಡಿನಿಂದ ಹೊರತೆಗೆಯುವವರಿಗೂ ನಾನು ಹೇಳುವುದು ಇಷ್ಟೇ: ಗ್ರೈಂಡರ್ ಮುಟ್ಟುವ ಮುನ್ನ ನಂಬರ್ ಹುಡುಕಿ.

ಫೋಕ್ಸ್‌ವ್ಯಾಗನ್ ಕಾರ್ಮನ್ ಘಿಯಾವನ್ನೇ ತೆಗೆದುಕೊಳ್ಳಿ. 1955ರಿಂದ 1974ರವರೆಗೆ ಜರ್ಮನಿಯಲ್ಲಿ ತಯಾರಾದ ಈ ಎರಡು ಬಾಗಿಲಿನ ಚೆಲುವೆ ಕೂತಿರುವುದು ಬೀಟಲ್‌ನ ತಳಗಟ್ಟಿನ ಮೇಲೆ. ಹಿಂದಿನ ಸೀಟು ಎತ್ತಿದರೆ ನಡುವಿನ ಟನಲ್ ಮೇಲೆ ಚಾಸಿ ನಂಬರ್ ಒತ್ತಿರುತ್ತದೆ. ಬಟ್ಟೆಯಿಂದ ಮೆತ್ತಗೆ ಒರೆಸಿ, ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ಫೋಟೊವೂ ಇರಲಿ. ಆರ್‌ಸಿ ಜೊತೆ ಒಂದೊಂದೇ ಅಂಕಿ ತಾಳೆ ನೋಡಿ. ಹೊಂದದಿದ್ದರೆ ಮುಂಗಡ ಕೊಡಬೇಡಿ. ಆರ್‌ಸಿಯೊಂದನ್ನೇ ನಂಬದೆ ನೋಂದಣಿ ಕಚೇರಿಯಿಂದ ಅಲ್ಲಿನ ದಾಖಲೆಯ ನಕಲಾದ ಬಿ ಎಕ್ಸ್‌ಟ್ರ್ಯಾಕ್ಟ್ ತರಿಸಿ. ತೀರದ ಸಾಲವಿದ್ದರೆ ಅಲ್ಲಿ ಗೊತ್ತಾಗುತ್ತದೆ.

ಮಾಜಾಳಿ ದಾಟಿದರೆ ಗೋವಾ. ಅಲ್ಲಿಂದ ಕಾರು ತಂದರೆ ಮೋಟಾರು ವಾಹನ ಕಾಯ್ದೆ 1988ರ 48ನೇ ಸೆಕ್ಷನ್ ಪ್ರಕಾರ ಅಲ್ಲಿನ ನೋಂದಣಿ ಕಚೇರಿಯ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ ಬೇಕು. ಅರ್ಜಿ ಹಾಕಿದ 30 ದಿನಗಳಲ್ಲಿ ಅಧಿಕಾರಿ ಅದನ್ನು ಕೊಡಬೇಕು, ಇಲ್ಲವೇ ಕಾರಣ ಬರೆದು ನಿರಾಕರಿಸಬೇಕು. ಎರಡೂ ಮಾಡದೆ ಸುಮ್ಮನಿದ್ದರೆ ಪತ್ರ ಕೊಟ್ಟಂತೆಯೇ ಎಂದು ಕಾನೂನು ಹೇಳುತ್ತದೆ. ನಿರಾಕರಿಸಿದರೆ 57ನೇ ಸೆಕ್ಷನ್ ಅಡಿ 30 ದಿನಗಳೊಳಗೆ ಮೇಲ್ಮನವಿ ಹಾಕಬಹುದು. ಎಷ್ಟೋ ಜನ ಇದು ತಿಳಿಯದೆ ವರ್ಷಗಟ್ಟಲೆ ಅಲೆಯುತ್ತಾರೆ. ಅರ್ಜಿಯ ಸ್ವೀಕೃತಿ ರಸೀದಿಯನ್ನು ಜೋಪಾನವಾಗಿಡಿ, ಈ ಹಕ್ಕಿಗೆ ಅದೇ ಸಾಕ್ಷಿ. ಕರ್ನಾಟಕಕ್ಕೆ ತಂದು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿನ ನಂಬರ್ ಪಡೆಯಬೇಕು. ಕಾರವಾರ, ಅಂಕೋಲಾದವರಿಗೆ ಅದು ಕೆಎ-30. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು 30 ದಿನಗಳಲ್ಲಿ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ವರ್ಗಾವಣೆ ಕೇಳಬೇಕು.

ಇನ್ನು ವಿಂಟೇಜ್ ನೋಂದಣಿ. 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ 81ಎ ಮತ್ತು ಮುಂದಿನ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಕಾರಿಗೆ ಇದು ಸಿಗುತ್ತದೆ. 1974ರಲ್ಲಿ ನೋಂದಣಿಯಾದ ಘಿಯಾ ಈಗಾಗಲೇ ಅರ್ಹ. ಮರ್ಸಿಡಿಸ್‌ನ 123 ಸರಣಿಯ ಕೂಪೆ ಬಂದದ್ದೇ 1977ರಲ್ಲಿ, ಹಾಗಾಗಿ ಅದರ ಮಾಲೀಕರು 2027ರವರೆಗೆ ಕಾಯಲೇಬೇಕು. ಅರ್ಜಿ ನಮೂನೆ 20ರಲ್ಲಿ, ಪರಿವಾಹನ್ ಪೋರ್ಟಲ್ ಮೂಲಕ. ಜೊತೆಗೆ ವಿಮೆ ಮತ್ತು ಹಳೆಯ ಆರ್‌ಸಿ. ಹೊರದೇಶದಿಂದ ತಂದದ್ದಾದರೆ ಆಮದಿನ ಬಿಲ್ ಆಫ್ ಎಂಟ್ರಿ. ಹೊಸ ನೋಂದಣಿಗೆ ₹20,000, ಮರುನೋಂದಣಿಗೆ ₹5,000, ಅವಧಿ 10 ವರ್ಷ. 2025ರ ಆಗಸ್ಟ್‌ನ ಪರಿಷ್ಕರಣೆಯಂತೆ 20 ವರ್ಷ ದಾಟಿದ ಆಮದು ಕಾರಿನ ಸಾಮಾನ್ಯ ನವೀಕರಣಕ್ಕೆ ₹80,000 ಆಗುತ್ತದೆ. ಅದೂ ಐದೇ ವರ್ಷಕ್ಕೆ. ಲೆಕ್ಕ ಹಾಕಿದರೆ ವಿಂಟೇಜ್ ದಾರಿಯೇ ಹಗುರ. ಆದರೆ ಒಂದು ಕಟ್ಟು ಇದೆ: ಪ್ರದರ್ಶನ, ರ‍್ಯಾಲಿ, ಇಂಧನ, ದುರಸ್ತಿಯಂಥ ಕೆಲಸಗಳಿಗೆ ಮಾತ್ರ ರಸ್ತೆಗೆ ಇಳಿಸಬಹುದು. ದಿನಾ ಅಂಕೋಲಾ ಪೇಟೆಗೆ ಓಡಾಡಲು ಕಾರು ಬೇಕೆನ್ನುವವರು ಈ ದಾರಿ ಹಿಡಿಯಬಾರದು.

ಬಿಡಿಭಾಗ ಸಿಗದೆ ಯಾವುದೋ ಡೀಸೆಲ್ ಎಂಜಿನ್ ಕೂರಿಸಿದ್ದರೆ ವಿಂಟೇಜ್ ಅರ್ಹತೆಯೇ ಕೈತಪ್ಪೀತು. ಅನುಮತಿಯಿಲ್ಲದ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 182ಎ ಸೆಕ್ಷನ್ ಅಡಿ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ ₹5,000 ದಂಡ, ಇಲ್ಲವೇ ಎರಡೂ ಬೀಳಬಹುದು. ವಿಮೆಯಿಲ್ಲದ ಕಾರನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋಗಬೇಡಿ, ಲಾರಿಯ ಮೇಲೆ ಹೊತ್ತೊಯ್ಯಿಸಿ.

ಹೆಚ್ಚಿನ ಜಗಳ ಹುಟ್ಟುವುದು ಗ್ಯಾರೇಜಿನಲ್ಲೇ. ಕಾರು ಬಿಡುವಾಗ ಮಾಡುವ ಕೆಲಸ, ಅಂದಾಜು ಖರ್ಚು, ಗಡುವು, ಹಳೆಯ ಭಾಗಗಳನ್ನು ಹಿಂತಿರುಗಿಸುವುದು, ಎಲ್ಲವನ್ನೂ ಬರೆಸಿ ಸಹಿ ಹಾಕಿಸಿ. ದುಡ್ಡು ಕೊಡದಿದ್ದರೆ ಮೆಕ್ಯಾನಿಕ್ ಕಾರನ್ನು ತಡೆದಿಟ್ಟುಕೊಳ್ಳಬಹುದು. ಕರಾರು ಕಾಯ್ದೆ 1872ರ 170ನೇ ಸೆಕ್ಷನ್ ಅವರಿಗೆ ಆ ಹಕ್ಕು ಕೊಟ್ಟಿದೆ. ಆದರೆ ಅದು ಒಪ್ಪಿಕೊಂಡಂತೆ ಮಾಡಿ ಮುಗಿಸಿದ ಕೆಲಸದ ಕೂಲಿಗೆ ಮಾತ್ರ. ಅರ್ಧಂಬರ್ಧ ಬಿಚ್ಚಿಟ್ಟು ಹೆಚ್ಚು ಹಣ ಕೇಳುತ್ತ ಕೂತರೆ ಅದು ಸೇವಾ ನ್ಯೂನತೆ. ಗ್ಯಾರೇಜು ಮಡಗಾಂವಿನಲ್ಲಿರಲಿ, ಬೆಂಗಳೂರಿನಲ್ಲಿರಲಿ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಂತೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಗಡುವು ಎರಡು ವರ್ಷ. ಕೊಟ್ಟ ಹಣ ₹5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂದೂ ಇಲ್ಲ. ದೂರು ಕೊಡುವ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ನೋಡಿ. ಉಚಿತ ಕಾನೂನು ನೆರವಿಗೆ 15100 ಇದೆ. ಮಹಿಳೆಯರಿಗೆ ಆ ನೆರವು ಆದಾಯದ ಮಿತಿಯಿಲ್ಲದೆ ಸಿಗುತ್ತದೆ.