ಸಂಕೇತ ಪ್ರೋಟೀನುಗಳ ಪತ್ತೆಗೆ ಆಪ್ಟಮರ್: ಪ್ರಯೋಗಕ್ರಮ

ನವಲಗುಂದ ತಾಲ್ಲೂಕಿನ ಯಮನೂರಿನಂಥ ಊರುಗಳಿಂದ ಧಾರವಾಡಕ್ಕೆ ಹೋಗಿ ಜೀವತಂತ್ರಜ್ಞಾನವನ್ನು ಅಭ್ಯಸಿಸುವ ತರುಣ ತರುಣಿಯರು, ಕೋಶಗಳಿಗೆ ಸಂಕೇತವನ್ನು ಮುಟ್ಟಿಸುವ ಪ್ರೋಟೀನುಗಳ ಪತ್ತೆಗೆ ಪ್ರತಿಕಾಯಗಳನ್ನೇ ನೆಚ್ಚಬೇಕಾಗಿಲ್ಲ. 1990ರಲ್ಲಿ ಟ್ಯುಯರ್ಕ್ ಮತ್ತು ಗೋಲ್ಡ್, ಎಲ್ಲಿಂಗ್ಟನ್ ಮತ್ತು ಶೊಸ್ಟಾಕ್ ಇವರು ಬೇರೆ ಬೇರೆಯಾಗಿ ತೋರಿಸಿಕೊಟ್ಟ ವಿಧಾನದಿಂದ ಆಯ್ದ ನ್ಯೂಕ್ಲಿಯಿಕ್ ಆಮ್ಲದ ಕಿರುಎಳೆ, ಎಂದರೆ ಆಪ್ಟಮರ್, ಆ ಕಾರ್ಯವನ್ನು ಮಾಡಬಲ್ಲುದು. ಕರೆಂಟು ಹೋಗಿ ಫ್ರಿಜ್ಜು ಬಿಸಿಯಾದರೆ ಪ್ರತಿಕಾಯವು ಕೆಡಬಹುದು. ಡಿಎನ್‌ಎ ಆಪ್ಟಮರಾದರೋ ಕಾಯ್ದು ಆರಿದ ಮೇಲೆ ಪುನಃ ತನ್ನ ಆಕೃತಿಗೆ ಮಡಚಿಕೊಳ್ಳುತ್ತದೆ.

ಮೊದಲ ಅಭ್ಯಾಸಕ್ಕೆ ಥ್ರಾಂಬಿನ್ನನ್ನು ಆರಿಸಿಕೊಳ್ಳಿರಿ. ರಕ್ತವನ್ನು ಹೆಪ್ಪುಗಟ್ಟಿಸುವ ಈ ಕಿಣ್ವವು ರಕ್ತದ ಕಿರುಬಿಲ್ಲೆಗಳ (ಪ್ಲೇಟ್‌ಲೆಟ್) ಗ್ರಾಹಕವನ್ನು ಕತ್ತರಿಸಿ ಒಳಕ್ಕೆ ಸಂಕೇತವನ್ನೂ ಕಳುಹಿಸುತ್ತದೆ. 1992ರಲ್ಲಿ ಪ್ರಕಟವಾದ 15 ಅಕ್ಷರಗಳ (ನ್ಯೂಕ್ಲಿಯೊಟೈಡುಗಳ) ಆಪ್ಟಮರ್ ಅದರ ಒಂದು ಪಾರ್ಶ್ವವನ್ನೂ, ತರುವಾಯದ 29 ಅಕ್ಷರಗಳದ್ದು ಇನ್ನೊಂದನ್ನೂ ಹಿಡಿಯುವುದರಿಂದ, ಮೊದಲನೆಯದನ್ನು ಬಯೋಟಿನ್ ಸಹಿತ, ಎರಡನೆಯದನ್ನು ಫ್ಲೋರೆಸೀನ್ ಸಹಿತ ತರಿಸಿರಿ.

ಆಪ್ಟಮರ್ ಬಂದ ನಳಿಕೆಯನ್ನು ತೆರೆಯುವ ಮುನ್ನ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸತಕ್ಕದ್ದು. ಕಣ್ಣಿಗೆ ಕಾಣದ ಒಣಪುಡಿ ಮುಚ್ಚಳಕ್ಕೆ ಅಂಟಿರುತ್ತದೆ. ಚೀಟಿಯಲ್ಲಿ ನಮೂದಿಸಿದ ನ್ಯಾನೊಮೋಲ್ ಸಂಖ್ಯೆಯನ್ನು 10ರಿಂದ ಗುಣಿಸಿ, ಅಷ್ಟು ಮೈಕ್ರೊಲೀಟರ್ ಟಿಇ ಬಫರ್ ಹಾಕಿದರೆ 100 ಮೈಕ್ರೊಮೋಲಾರ್ ದ್ರಾವಣವಾಗುತ್ತದೆ. ಅದನ್ನು ಸಣ್ಣ ಪಾಲುಗಳಾಗಿ ಹಂಚಿ ಮೈನಸ್ 20 ಡಿಗ್ರಿಯಲ್ಲಿಡಿರಿ.

ಮಡಚುವ ಹಂತವೇ ಎಲ್ಲಕ್ಕಿಂತ ಮುಖ್ಯವೆಂಬುದು ನನ್ನ ದೃಢವಾದ ಅಭಿಪ್ರಾಯ. 20 ಮಿಲಿಮೋಲಾರ್ ಟ್ರಿಸ್, 140 ಸೋಡಿಯಂ ಕ್ಲೋರೈಡ್, 5 ಪೊಟ್ಯಾಸಿಯಂ ಕ್ಲೋರೈಡ್, ತಲಾ 1 ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ ಕ್ಲೋರೈಡ್ ಇರುವ, ಪಿಎಚ್ 7.4ರ ಬಫರಿನಲ್ಲಿ ಆಪ್ಟಮರನ್ನು ತೆಳುಗೊಳಿಸಿ, 95 ಡಿಗ್ರಿಯಲ್ಲಿ 5 ನಿಮಿಷ ಕಾಯಿಸಿ, ಕೋಣೆಯ ಉಷ್ಣತೆಗೆ ನಿಧಾನವಾಗಿ ಆರಲು ಬಿಡಿರಿ. ಈ ಆಪ್ಟಮರುಗಳಲ್ಲಿ ಗ್ವಾನಿನ್‌ಗಳ ನಾಲ್ಕುಮೂಲೆಯ ಪದರಗಳನ್ನು ಬಿಗಿಹಿಡಿಯುವುದು ಪೊಟ್ಯಾಸಿಯಮ್ಮೇ. ಯಮನೂರಿನ ಬೆಣ್ಣಿಹಳ್ಳದ ದಂಡೆಯ ಎರೆನೆಲದಲ್ಲಿ ಬೆಳೆದವರಿಗೆ ನೀರಿನೊಡನೆ ಲವಣವೂ ಬರುತ್ತದೆಂಬುದನ್ನು ಬೇರೆ ಹೇಳಬೇಕಿಲ್ಲ; ಆಪ್ಟಮರಿನ ಆಕೃತಿಯು ಲವಣವನ್ನೂ ಅವಲಂಬಿಸಿರುವುದರಿಂದ, ಬಫರಿಗೆ ನಲ್ಲಿಯ ನೀರು ಸರ್ವಥಾ ಸಲ್ಲದು, ನ್ಯೂಕ್ಲಿಯೇಸ್‌ರಹಿತ ಶುದ್ಧಜಲವೇ ಬೇಕು. ತೊಳೆಯುವ ದ್ರಾವಣವೂ ಅದೇ ಬಫರಾಗಿರಲಿ, 0.05 ಶೇಕಡಾ ಟ್ವೀನ್ ಮಾತ್ರ ಸೇರಲಿ.

ಬಯೋಟಿನ್ನನ್ನು ಹಿಡಿಯುವ ಸ್ಟ್ರೆಪ್ಟಾವಿಡಿನ್ ಲೇಪಿಸಿದ ತಟ್ಟೆಯ ಗುಳಿಗಳಿಗೆ ಮೊದಲ ಆಪ್ಟಮರನ್ನು ಹಾಕಿ ತೊಳೆದು, ಖಾಲಿ ಜಾಗವನ್ನು ಅಲ್ಬುಮಿನ್ನಿನಿಂದ ಮುಚ್ಚಿ, ಥ್ರಾಂಬಿನ್ನನ್ನು 100 ನ್ಯಾನೊಮೋಲಾರಿನಿಂದ ಅರ್ಧರ್ಧ ಇಳಿಸುತ್ತ ಹಾಕಿರಿ; ಪುನಃ ತೊಳೆದು, ಎರಡನೆಯ ಆಪ್ಟಮರನ್ನು ಸೇರಿಸಿ, ಮತ್ತೊಮ್ಮೆ ತೊಳೆದು ಹೊಳಪನ್ನು ಅಳೆಯಿರಿ. ಅದೇ ಅಕ್ಷರಗಳನ್ನು ಅಡ್ಡಾದಿಡ್ಡಿ ಜೋಡಿಸಿದ ಎಳೆಯ ಗುಳಿಗಳೂ, ಥ್ರಾಂಬಿನ್ ಇಲ್ಲದ ಗುಳಿಗಳೂ ಜೊತೆಗಿರಬೇಕು. ಅವೂ ಹೊಳೆದರೆ ಆ ದಿನದ ಫಲಿತಾಂಶವನ್ನು ತ್ಯಜಿಸಿರಿ.

ಕೋಶಗಳನ್ನು ಒಡೆದ ದ್ರಾವಣಕ್ಕೆ ತೆರಳುವಾಗ, ಅದರಲ್ಲಿ ಇಡಿಟಿಎ ಇದ್ದರೆ ಅದು ಮೆಗ್ನೀಸಿಯಮ್ಮನ್ನು ಕಸಿದುಕೊಂಡು, ಆ ಲವಣವನ್ನು ನೆಚ್ಚಿದ ಆಪ್ಟಮರುಗಳ ಮಡಿಕೆಯನ್ನು ಬಿಚ್ಚುತ್ತದೆ. ಪ್ರೋಟೀನಿನ ರೂಪಭೇದವನ್ನೂ ಗಮನಿಸಬೇಕು: 2004ರಲ್ಲಿ ಅಮೆರಿಕೆಯಲ್ಲಿ ಕಣ್ಣಿನ ಔಷಧವಾಗಿ ಸಮ್ಮತಿ ಪಡೆದ ಪೆಗಾಪ್ಟನಿಬ್ ಎಂಬ ಆರ್‌ಎನ್‌ಎ ಆಪ್ಟಮರ್ ರಕ್ತನಾಳ ಬೆಳೆಸುವ ವಿಇಜಿಎಫ್‌ನ 165 ರೂಪವನ್ನು ಹಿಡಿಯುತ್ತದೆ, ಹೆಪಾರಿನ್ ಹಿಡಿಯುವ ಭಾಗವಿಲ್ಲದ 121 ರೂಪವನ್ನು ಹಿಡಿಯದು. ಆದುದರಿಂದ ತಮ್ಮ ಮಾದರಿಯಲ್ಲಿ ಯಾವ ರೂಪವಿದೆಯೆಂದು ತಿಳಿದ ಮೇಲೆಯೇ ಆಪ್ಟಮರಿಗೆ ಆರ್ಡರು ಕೊಡತಕ್ಕದ್ದು.