ಕಾಫಿ ಯಂತ್ರಕ್ಕೆ ನೀರು ತುಂಬುವ ಮುನ್ನ

ಬೆಂಗಳೂರು-ಮೈಸೂರು ಹಳೆಯ ಹೆದ್ದಾರಿಯಲ್ಲಿ ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವೆ ಇರುವ ಕೆಂಗಲ್, ಆಂಜನೇಯಸ್ವಾಮಿಯ ದೇವಾಲಯದಿಂದ ಹೆಸರಾದ ಸ್ಥಳ. ಇಂಥ ದಾರಿಬದಿಯ ಅಂಗಡಿಗಳಲ್ಲಿಯೂ ಕಚೇರಿ, ಕಾರ್ಖಾನೆಗಳಲ್ಲಿಯೂ ಗುಂಡಿ ಒತ್ತಿದೊಡನೆ ಕಾಫಿ ನೀಡುವ ಯಂತ್ರಗಳು ಇಂದು ಸಾಮಾನ್ಯವಾಗಿವೆ. ದಿನವಿಡೀ ಎಷ್ಟೋ ಕೈಗಳು ಮುಟ್ಟಿದರೂ ಯಾರಿಗೂ ಕೇಡಾಗದು. ಆದರೆ ಪುಡಿಯನ್ನೂ ನೀರನ್ನೂ ತುಂಬುವ ಕೆಲವು ನಿಮಿಷಗಳಲ್ಲಿ ಅದೇ ಯಂತ್ರ ಪ್ರಾಣಾಪಾಯ ಒಡ್ಡಬಲ್ಲದು. ಇದಕ್ಕೆ ಕಾರಣವೇನು?

ಬಾಗಿಲು ಮುಚ್ಚಿರುವಾಗ ವಿದ್ಯುತ್ತಿನ ಭಾಗಗಳು ಯಾರ ಕೈಗೂ ಎಟುಕವು. ತುಂಬುವಾಗಲಾದರೋ ಬಾಗಿಲು ತೆರೆದಿರುತ್ತದೆ, ಒಂದು ಕೈ ನೀರಿನಿಂದ ತೊಯ್ದಿರುತ್ತದೆ, ಇನ್ನೊಂದು ಲೋಹದ ಚೌಕಟ್ಟನ್ನು ಹಿಡಿದಿರುತ್ತದೆ, ನೆಲವೂ ಒದ್ದೆಯಾಗಿರಬಹುದು.

ಇಲ್ಲಿ ಓಮನ ನಿಯಮವನ್ನು ಅನ್ವಯಿಸಿ ನೋಡೋಣ. ಒಣಗಿದ ಚರ್ಮದ ರೋಧ ಹಲವು ಸಾವಿರ ಓಮ್‌ಗಳಷ್ಟಿರಬಹುದು. ಚರ್ಮ ತೊಯ್ದಾಗ ದೇಹದ ರೋಧ ಸುಮಾರು 1000 ಓಮ್‌ಗೆ ಇಳಿಯಬಲ್ಲದು. ನಮ್ಮ ಮನೆ, ಕಚೇರಿಗಳ ವಿಭವಾಂತರ 230 ವೋಲ್ಟ್. 230ನ್ನು 1000ದಿಂದ ಭಾಗಿಸಿದರೆ 0.23 ಆಂಪಿಯರ್, ಅಂದರೆ 230 ಮಿಲಿಆಂಪಿಯರ್. ಸುಮಾರು 1 ಮಿಲಿಆಂಪಿಯರ್ ಪ್ರವಾಹ ಜುಮ್ಮೆನಿಸುತ್ತದೆ. 10ನ್ನು ದಾಟಿದರೆ ಸ್ನಾಯುಗಳು ಬಿಗಿದು, ಹಿಡಿದ ವಸ್ತುವನ್ನು ಬಿಡಲಾಗದಂತಾಗುತ್ತದೆ. 100ರ ಆಸುಪಾಸಿನ ಪ್ರವಾಹ ಎದೆಯ ಮೂಲಕ ಹರಿದರೆ ಹೃದಯದ ಬಡಿತವೇ ತಾಳ ತಪ್ಪುವ ಸಂಭವವುಂಟು.

ಫ್ಯೂಸು ಅಥವಾ ಎಂಸಿಬಿ ಕಾಪಾಡದೆ? ಎಂದು ವಾಚಕರು ಕೇಳಬಹುದು. 2000 ವಾಟಿನ ಕಾಯಿಸುವ ಸುರುಳಿ ಸುಮಾರು 9 ಆಂಪಿಯರ್ ಸೆಳೆಯುತ್ತದೆ. ಆದ್ದರಿಂದ ಅಂಥ ಯಂತ್ರಕ್ಕೆ 16 ಆಂಪಿಯರಿನ ಎಂಸಿಬಿ ಇರುತ್ತದೆ. 0.23 ಆಂಪಿಯರ್ ಅದರ ಗಮನಕ್ಕೇ ಬಾರದು. ಅದು ತಂತಿಯ ಕಾವಲುಗಾರ, ಮನುಷ್ಯನದಲ್ಲ.

ಮನುಷ್ಯನಿಗೆ ಎರಡು ಕಾವಲುಗಳುಂಟು. ಮೊದಲನೆಯದು ಭೂಸಂಪರ್ಕ. ಒಳಗಿನ ಫೇಸ್ ತಂತಿ ಸಡಿಲಗೊಂಡು ಲೋಹದ ಕವಚಕ್ಕೆ ತಗುಲಿದರೆ, ಭೂಸಂಪರ್ಕದ ತಂತಿಯ ಮೂಲಕ ಭಾರಿ ಪ್ರವಾಹ ಹರಿದು ಎಂಸಿಬಿ ಒಡನೆಯೇ ಕಡಿಯುತ್ತದೆ. ಪ್ಲಗ್ಗಿನ ಮೂರನೆಯ ಕಡ್ಡಿ ಉಳಿದೆರಡಕ್ಕಿಂತ ಉದ್ದವಾಗಿರುವುದು, ಅದು ಮೊದಲು ಕೂಡಿ ಕೊನೆಗೆ ಬಿಡಲೆಂದು. ಅದನ್ನು ಕತ್ತರಿಸಿ ಎರಡು ಕಡ್ಡಿಯ ಸಾಕೆಟ್ಟಿಗೆ ಸೇರಿಸುವವರು ಕಾವಲನ್ನೇ ಕಳಚಿದಂತೆ. ಎರಡನೆಯದು ಆರ್‌ಸಿಸಿಬಿ. ಹೋದ ಪ್ರವಾಹಕ್ಕೂ ಮರಳಿದ ಪ್ರವಾಹಕ್ಕೂ 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೆ ಅದು 0.3 ಸೆಕೆಂಡಿನೊಳಗೆ ಸಂಪರ್ಕವನ್ನು ಕಡಿಯುತ್ತದೆ. ಅದರ ಪರೀಕ್ಷಾ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು.

ಆದರೆ ಒಂದು ಕೈ ಫೇಸನ್ನೂ ಇನ್ನೊಂದು ಕೈ ನ್ಯೂಟ್ರಲನ್ನೂ ಮುಟ್ಟಿದರೆ? ಹೋದದ್ದೆಲ್ಲ ಮರಳುವುದರಿಂದ ಆರ್‌ಸಿಸಿಬಿಗೆ ಅದು ದೇಹವೋ ದೀಪವೋ ತಿಳಿಯದು. ಆದಕಾರಣ ತುಂಬುವವನೇ ವಿದ್ಯುತ್ತನ್ನು ದೂರವಿರಿಸಬೇಕು.

ಅದಕ್ಕೆ ಸ್ವಿಚ್ ಆರಿಸಿದರೆ ಸಾಲದು. ಸಾಮಾನ್ಯ ಸ್ವಿಚ್ ಒಂದೇ ತಂತಿಯನ್ನು ಕಡಿಯುತ್ತದೆ. ಜೋಡಣೆ ಅದಲುಬದಲಾಗಿದ್ದರೆ ಕಡಿದದ್ದು ನ್ಯೂಟ್ರಲ್ ಆಗಿ, ಯಂತ್ರ ನಿಂತಿದ್ದರೂ ಅದರೊಳಗೆ 230 ವೋಲ್ಟ್ ಉಳಿದೇ ಇರುತ್ತದೆ. ಪ್ಲಗ್ಗನ್ನು ಕಿತ್ತರೆ ಎರಡೂ ತಂತಿಗಳು ಬೇರ್ಪಡುತ್ತವೆ. ಬೇರ್ಪಟ್ಟದ್ದು ಕಣ್ಣಿಗೂ ಕಾಣುತ್ತದೆ.

ಆದ್ದರಿಂದ ಕ್ರಮ ಇದು: ಒಣಗಿದ ಕೈಯಿಂದ ಸ್ವಿಚ್ ಆರಿಸಿ, ವಯರನ್ನು ಎಳೆಯದೆ ಪ್ಲಗ್ಗನ್ನೇ ಹಿಡಿದು ಕೀಳಬೇಕು, ಬಳಿಕ ತುಂಬಬೇಕು, ಚೆಲ್ಲಿದ್ದನ್ನು ಒರಸಿ, ಬಾಗಿಲು ಮುಚ್ಚಿ, ಕೈ ಒರಸಿಕೊಂಡ ಮೇಲೆಯೇ ಮತ್ತೆ ಸೇರಿಸಬೇಕು. ಯಾರಿಗಾದರೂ ಆಘಾತವಾದರೆ ಅವರನ್ನು ಮುಟ್ಟದೆ ಮೊದಲು ಮುಖ್ಯ ಸ್ವಿಚ್ಚನ್ನು ಆರಿಸಬೇಕು. ಇದನ್ನು ತಮ್ಮ ಕಾಲೇಜಿನ ಕ್ಯಾಂಟೀನಿನಲ್ಲಿ ಯಂತ್ರ ತುಂಬುವವರಿಗೆ ವಿದ್ಯಾರ್ಥಿಗಳು ವಿವರಿಸಿ ಹೇಳಿದರೆ, ಓಮನ ನಿಯಮವನ್ನು ಕಲಿತದ್ದು ಸಾರ್ಥಕವಾದೀತು.